ನೆಲ ತಡೆಯಲ್ಲ

ನಮ್ಮೂರಿನಲ್ಲಿ ಕಲಿತದ್ದೆಲ್ಲ ಮೈಗೆ ತೂಕವಾಗಿ ಸೇರಿಕೊಳ್ಳುತ್ತದೆ. ಮೈ ದಪ್ಪವಾಗುವುದಿಲ್ಲ, ಭಾರ ಮಾತ್ರ. ಮಕ್ಕಳು ಮಗ್ಗಿ ಕಲಿತು ಬಂದ ಸಂಜೆ ಅವರನ್ನು ಎತ್ತಿಕೊಂಡ ತಾಯಂದಿರು "ಅಯ್ಯೋ, ಭಾರ ಆಗ್ಬಿಟ್ಯಲ್ಲೋ!" ಎಂದು ಹಿಗ್ಗುತ್ತಾರೆ. ಆಟೋದವರು ಹತ್ತಿಸಿಕೊಳ್ಳುವ ಮುಂಚೆ "ಏನ್ ಓದಿದೀರಾ?" ಎಂದು ಕೇಳುತ್ತಾರೆ, ಏರು ಬಂದರೆ ಡಾಕ್ಟರರನ್ನೂ ವಕೀಲರನ್ನೂ ಇಳಿಸಿ ನಡೆಸುತ್ತಾರೆ. ಭಾರದವರು ಮೆಲ್ಲಗೆ ಹೆಜ್ಜೆ ಇಡಬೇಕು ಎಂಬುದು ಇಲ್ಲಿಯ ಮರ್ಯಾದೆ. ಕುರ್ಚಿ ಕಿರ್ ಎಂದರೆ ಕೂತವರು "ಕ್ಷಮಿಸಿ" ಎನ್ನಬೇಕು. ಕುರ್ಚಿಯನ್ನು ಬೈಯುವ ಪದ್ಧತಿ ನಮ್ಮಲ್ಲಿಲ್ಲ.

ಹೆಣ್ಣು ನೋಡಲು ಬಂದವರು ಹುಡುಗಿಯನ್ನು ಉಯ್ಯಾಲೆಯ ಮೇಲೆ ಕೂರಿಸಿ ಸರಪಳಿಯ ಸದ್ದು ಕೇಳುವುದುಂಟು. ನನ್ನನ್ನು ಕೂರಿಸಿದಾಗ ಒಂದು ಕೊಂಡಿಯೇ ಕಿತ್ತು ಬಂತು. ಎಂ.ಎಸ್ಸಿ. ಮುಗಿಸಿ ಮುಂದಕ್ಕೂ ಓದುತ್ತಿದ್ದೆ, ಬರದೆ ಏನು? ಗಂಡಿನ ಕಡೆಯವರೆಲ್ಲ ಮುಖ ಮುಖ ನೋಡಿಕೊಂಡರು. ಗಂಡು ಮಾತ್ರ ಎದ್ದು ಬಂದು, ಬಿದ್ದ ಕೊಂಡಿಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ತುಕ್ಕು ಹಿಡಿದಿತ್ತು. ಅವರದೇನೂ ತಪ್ಪಿಲ್ಲ" ಎಂದರು. ಆ ಸುಳ್ಳಿಗೇ ನಾನು ಅವರನ್ನು ಮದುವೆಯಾದೆ. ಹೆಸರು ಪಾಲಾಕ್ಷ, ಅಂಚೆ ಕಚೇರಿಯಲ್ಲಿ ಕೆಲಸ.

ನಾನು ಸರ್ವಮಂಗಳ, ಅಂಟಿನ ವಿಜ್ಞಾನಿ. ನಗಬೇಡಿ. ನೀವು ಒರಗಿರುವ ಬಾಗಿಲು, ಹಾಕಿಕೊಂಡ ಚಪ್ಪಲಿ, ಊಟ ಮಾಡುವ ಮೇಜು ಇವೆಲ್ಲ ಬಿಚ್ಚಿಕೊಳ್ಳದೆ ನಿಂತಿರುವುದು ನಮ್ಮಂಥವರಿಂದ. ಓದು ಮುಗಿದ ಮೇಲೆ ಊರಾಚೆಯ ಪ್ಲೈವುಡ್ ಕಾರ್ಖಾನೆ ಸೇರಿದವಳು ತಲೆ ನರೆಯುವವರೆಗೂ ಅಲ್ಲೇ ಇದ್ದೆ. ನಮ್ಮ ಪ್ರಯೋಗಾಲಯಕ್ಕೆ ಕಲ್ಲುಚಪ್ಪಡಿಯ ನೆಲ. ಅಲ್ಲಿ ನನಗಿಂತ ಹಿರಿಯರು ವೆಂಕಟಾಚಲ. ಕುದಿಯುವ ಅಂಟಿನಿಂದ ಒಂದು ತೊಟ್ಟು ತೆಗೆದು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒತ್ತಿ ಬಿಡಿಸಿ, ನಡುವೆ ಏಳುವ ಎಳೆಯನ್ನು ನೋಡಿ "ಇನ್ನೂ ಬೇಯ್ಲಿ" ಅಥವಾ "ಇಳಿಸಮ್ಮಾ ಮಂಗಳಾ" ಎನ್ನುತ್ತಿದ್ದರು. ಅಂಟಿನ ಹದ ಅಳೆಯುವ ಯಂತ್ರ ಇರಲಿಲ್ಲವೆಂದಲ್ಲ. ಅವರು ಹೇಳಿದ ಮೇಲೆ ಯಂತ್ರವನ್ನೂ ಕೇಳುತ್ತಿದ್ದೆವು, ಅದು ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತಿತ್ತು. ಒಪ್ಪದಿದ್ದಾಗ ಇಬ್ಬರೂ ಯಂತ್ರವನ್ನು ಬಿಚ್ಚಿ ನೋಡುತ್ತಿದ್ದೆವು. ಒಮ್ಮೆ ಒಂದೂ ಮೊಳೆ ಹೊಡೆಯದೆ, ಬರೀ ಅಂಟಿನಿಂದ ಒಂದು ಸ್ಟೂಲು ಮಾಡಿ, ವಾರಗಟ್ಟಲೆ ನೀರಿನಲ್ಲಿ ನೆನೆಹಾಕಿ, ಆಮೇಲೆ ಇಬ್ಬರೂ ಅದರ ಮೇಲೆ ಹತ್ತಿ ನಿಂತಿದ್ದೆವು. ಊರಿನ ಇಬ್ಬರು ಭಾರದ ಮನುಷ್ಯರು ಒಂದೇ ಸ್ಟೂಲಿನ ಮೇಲೆ! ಅದು ಕಮಕ್ ಕಿಮಕ್ ಅನ್ನಲಿಲ್ಲ.

ಆಮೇಲೆ ಪುನರ್ರಚನೆ ಬಂತು. ಹೊಸ ಮಾಲೀಕರು ನಮ್ಮನ್ನೆಲ್ಲ ಒಂದು ಹೋಟೆಲಿನ ಸಭಾಂಗಣದಲ್ಲಿ ಕೂಡಿಸಿ, ಗೋಡೆಯ ಮೇಲೆ ಹಾರುವ ಗರಿಯ ಚಿತ್ರ ತೋರಿಸಿ, ಸಂಸ್ಥೆ ಇನ್ನು ಮೇಲೆ ಹಗುರವಾಗಲಿದೆ ಎಂದರು. ಕಂಬಗಳ ಮೇಲೆ ಹೊಸ ಕಟ್ಟಡ. ಕೆಳಗೆ ವಾಹನ ನಿಲ್ಲಿಸುವ ಜಾಗ, ಮೇಲೆ ಕಚೇರಿ, ಪ್ರಯೋಗಾಲಯವೂ ಮೇಲೆಯೇ. ನೆಲಕ್ಕೆ ನಮ್ಮದೇ ಕಾರ್ಖಾನೆಯ ತೆಳು ಪ್ಲೈವುಡ್ಡು, ಹೊಸ ಮಾದರಿಯ ಅಂಟು. ಅಗ್ಗಕ್ಕೆಂದು ಬೆರೆಸುವ ಹಿಟ್ಟು ಜಾಸ್ತಿ, ಬೇಯಿಸುವುದು ಕಡಿಮೆ. ನಾನೂ ವೆಂಕಟಾಚಲ ಅವರೂ ಅದು ಬೇಡವೆಂದು ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದ ಅಂಟು ಅದು. ಹೊಸ ಮ್ಯಾನೇಜರ್ ಋತ್ವಿಕ್, ನನ್ನ ತಂಗಿಯ ಮಗನ ವಯಸ್ಸು, ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ:

"ನಿಮ್ ಮೇಲೆ ನಮಗೇನೂ ದೂರಿಲ್ಲ ಮೇಡಂ. ನೆಲ ತಡೆಯಲ್ಲ, ಅಷ್ಟೆ."

ಎಷ್ಟು ಮೆತ್ತಗೆ ಹೇಳಿದನೆಂದರೆ ನಾನು ಥ್ಯಾಂಕ್ಸ್ ಹೇಳುವುದರಲ್ಲಿದ್ದೆ. ಹಾರ ಹಾಕಿ ಶಾಲು ಹೊದಿಸಿದರು. ಹಾರ, ಶಾಲು ಎರಡನ್ನೂ ಅಲ್ಲೇ ಕುರ್ಚಿಯ ಮೇಲೆ ಬಿಟ್ಟು ಸ್ಟೂಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮನೆಗೆ ಬಂದೆ.

ಕೆಲಸ ಹುಡುಕುವುದು ಎಂದರೆ ನಮ್ಮೂರಿನಲ್ಲಿ ಕುರ್ಚಿಗಳ ಮೇಲೆ ಕೂರುವುದು. ಸಂದರ್ಶನಕ್ಕೆಂದೇ ಒಂದು ಸಪೂರ ಕುರ್ಚಿ ಇಟ್ಟಿರುತ್ತಾರೆ. ನಾವು ಮಾತಾಡುತ್ತೇವೆ, ಅವರು ಕುರ್ಚಿಯನ್ನು ಕೇಳಿಸಿಕೊಳ್ಳುತ್ತಾರೆ. ಬಣ್ಣದ ಕಂಪನಿಯಲ್ಲಿ ನಾನು ಕೂತ ಕೂಡಲೇ ಬೆತ್ತ ನರಳಿತು. ಎದುರಿಗಿದ್ದ ಮೂವರೂ ಒಟ್ಟಿಗೆ ಪೆನ್ನಿಗೆ ಮುಚ್ಚಳ ಹಾಕಿದರು. ಚಪ್ಪಲಿ ಕಂಪನಿಯವರು ಕಾಫಿ ಕೊಟ್ಟು, "ನಿಮ್ಮ ಅನುಭವದ ಬಗ್ಗೆ ನಮಗೆ ತುಂಬಾ ಗೌರವ ಇದೆ" ಎಂದರು. ಗೌರವ ಇದೆ ಎಂದರೆ ಎದ್ದು ಹೊರಡಬೇಕು ಎಂದು ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು. ಬಿಸ್ಕತ್ತಿನ ಡಬ್ಬ ಮಾಡುವವರ ಹತ್ತಿರ ಮಾತ್ರ ಒಬ್ಬ ಯಜಮಾನರು ನಾನು ಹೇಳಿದ್ದನ್ನೆಲ್ಲ ಕಣ್ಣರಳಿಸಿ ಕೇಳಿದರು. ಕೇಳಿ ಕೇಳಿ ಅವರ ಕುರ್ಚಿಯೇ ಕಿರುಗುಟ್ಟತೊಡಗಿದಾಗ ಹೆದರಿ ಎದ್ದುಬಿಟ್ಟರು.

ಸಲಹೆ ಕೊಡುವವರಿಗೇನೂ ಬರವಿರಲಿಲ್ಲ. ಉದ್ಯೋಗ ಕೊಡಿಸುವ ಏಜೆಂಟು, "ಮೊದಲ್ನೇ ಹತ್ತು ವರ್ಷ ಹೇಳ್ಲೇಬೇಡಿ ಮೇಡಂ, ಯಾರ್ ಕೇಳ್ತಾರೆ?" ಎಂದ. ಮೈದುನ, ಕೂರುವಾಗ ಉಸಿರು ಬಿಗಿಹಿಡಿಯಬೇಕೆಂದೂ ಅರ್ಧ ಭಾರ ಕಾಲಿನ ಮೇಲೆ ಹಾಕಬೇಕೆಂದೂ ನಮ್ಮ ನಡುಮನೆಯಲ್ಲಿ ಕೂತು ತೋರಿಸಿದ. ಅವನು ಎದ್ದಾಗ ತೊಡೆ ನಡುಗುತ್ತಿತ್ತು. ನಾನೂ ಒಂದೆರಡು ಕಡೆ ಹಾಗೆ ಕೂತೆ, ಸುಳ್ಳೇಕೆ ಹೇಳಲಿ. ಕೂತು ಬಂದ ದಿನ ಮಂಡಿನೋವಿಗಿಂತ ಹೆಚ್ಚಾಗಿ ಮೈಯೆಲ್ಲ ಉರಿಯುತ್ತಿತ್ತು. ನಾನೇನು ಕದ್ದು ತಂದಿದ್ದೇನೆಯೇ? ಒಂದೊಂದನ್ನೂ ಸುಟ್ಟುಕೊಂಡು, ಕೆಮ್ಮಿ, ತಪ್ಪು ಮಾಡಿ, ತಿದ್ದಿ ಗಳಿಸಿದ ಭಾರ ಅದು.

ಒಂದು ಭಾನುವಾರ ವೆಂಕಟಾಚಲ ಬಾಳೆಹಣ್ಣು ಹಿಡಿದುಕೊಂಡು ಮನೆಗೆ ಬಂದರು. ಬಂದವರು ಸೀದಾ ಮಗುವಿನ ಪ್ಲಾಸ್ಟಿಕ್ ಕುರ್ಚಿಯಂಥ ನಮ್ಮ ಮಡಚುವ ಕುರ್ಚಿಯ ಮೇಲೆ ಕೂತರು. ಮುರಿಯಿತು ಎಂದುಕೊಂಡೆ. ಕುರ್ಚಿ ಸದ್ದೇ ಮಾಡಲಿಲ್ಲ.

"ಇಳಿಸ್ಕೊಂಡ್ಬಿಟ್ಟೆ ಕಣಮ್ಮಾ" ಎಂದರು. "ಬಸ್ ಸ್ಟ್ಯಾಂಡ್ ಹಿಂದೆ ದಾಕ್ಷಾಯಣಮ್ಮ ಅಂತ ಇದಾರಲ್ಲ, ಅವರ ಹತ್ರ. ಕಂಪನೀಲೇ ಗೇಟ್ ಹತ್ರ ಕೆಲಸ ಕೊಟ್ಟಿದಾರೆ. ಹಾಯಾಗಿದೆ. ಮೆಟ್ಲು ಹತ್ತಿದ್ರೆ ಸುಸ್ತೇ ಆಗಲ್ಲ."

"ಅಂಟು?" ಎಂದೆ.

"ಯಾವ ಅಂಟು?" ಎಂದರು, ನಿಜವಾಗಿಯೂ ತಿಳಿಯದೆ. ಮಾತಾಡುತ್ತಿದ್ದಂತೆ ಅವರ ಹೆಬ್ಬೆರಳೂ ತೋರುಬೆರಳೂ ಒತ್ತಿಕೊಳ್ಳುತ್ತಿದ್ದವು, ಬಿಡಿಸಿಕೊಳ್ಳುತ್ತಿದ್ದವು. ನಾನು ನೋಡುತ್ತಿರುವುದನ್ನು ಕಂಡು ನಾಚಿಕೊಂಡು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡರು. "ಇದ್ಯಾಕೋ ಈ ಬೆರಳು ಸುಮ್ನಿರಲ್ಲ. ನರದ್ದು ಅಂತಾರೆ ಡಾಕ್ಟ್ರು."

ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋಗಿ ಅತ್ತೆ. ಹಾಲು ಉಕ್ಕಿ ಒಲೆಯೆಲ್ಲ ಗಲೀಜಾಯಿತು.

ಮಳೆಗಾಲ ಹಿಡಿಯಿತು. ದಿನವಿಡೀ ಸಣ್ಣಗೆ ಜಿನುಗುವ ಥಂಡಿಯ ದಿನಗಳಲ್ಲಿ ಋತ್ವಿಕ್ ಫೋನು ಮಾಡಿದ. ಹೊಸ ಅಂಟು ಕೈಕೊಟ್ಟಿತ್ತು. ಬಾಗಿಲುಗಳ ಪದರಗಳು ಬಿಚ್ಚಿಕೊಳ್ಳುತ್ತಿವೆ, ಕೊಂಡವರೆಲ್ಲ ಜಗಳಕ್ಕೆ ಬರುತ್ತಿದ್ದಾರೆ, ಯಾಕೆಂದು ಹೇಳಬಲ್ಲವರು ಮೇಲೆ ಒಬ್ಬರೂ ಇಲ್ಲ ಎಂದ.

"ವಾಪಸ್ ಬನ್ನಿ ಮೇಡಂ. ಅಸಿಸ್ಟೆಂಟ್ ಪೋಸ್ಟು. ಆದ್ರೆ ನೆಲದ ವಿಷಯ ನಿಮಗೆ ಗೊತ್ತಲ್ಲ... ಈ ಬಿಚ್ಕೊಳ್ಳೋ ಸಮಸ್ಯೆ ಒಂದು ಇಟ್ಕೊಂಡು, ಮಿಕ್ಕಿದ್ದೆಲ್ಲ ಇಳಿಸ್ಕೊಂಡು ಬಂದ್ಬಿಡಿ. ಖರ್ಚು ಕಂಪನೀದೇ."

ಬೈದು ಫೋನು ಇಡಬೇಕಿತ್ತು. ಇಡಲಿಲ್ಲ, "ಯೋಚನೆ ಮಾಡ್ತೀನಿ" ಎಂದೆ. ಮನೆಯಲ್ಲಿ ಕೂತು ಕೂತು ನನಗೆ ಹುಚ್ಚು ಹಿಡಿಯುವಂತಾಗಿತ್ತು. ಬೆಳಿಗ್ಗೆ ಎದ್ದು ಆ ಕುದಿಯುವ ವಾಸನೆಯ ನಡುವೆ ನಿಲ್ಲಬೇಕು, ಒಂದು ಪ್ರಶ್ನೆಯನ್ನು ಹಿಡಿದು ಸಂಜೆಯವರೆಗೂ ಜಗ್ಗಾಡಬೇಕು. ಅಷ್ಟೇ ನನಗೆ ಬೇಕಾಗಿದ್ದುದು. ಸ್ವಲ್ಪ ಇಳಿಸಿದರೆ ಏನಂತೆ, ಎಲ್ಲ ಇಳಿಸಬೇಕಾಗಿಲ್ಲವಲ್ಲ, ಎಂದು ನನಗೆ ನಾನೇ ಏಜೆಂಟಿನ ಹಾಗೆ ಹೇಳಿಕೊಂಡೆ. ಪಾಲಾಕ್ಷ ಅವರು ಮಾತ್ರ ಚಪ್ಪಲಿ ಮೆಟ್ಟುತ್ತಿದ್ದ ನನ್ನನ್ನೇ ನೋಡಿ, "ನೀನು ಹಗುರ ಆಗಿ ಬಂದ್ರೆ ಮಂಚದ ಆ ಕಡೆ ಯಾರೂ ಇಲ್ಲ ಅನ್ಸುತ್ತೇನೋ ಕಣೇ" ಎಂದರು. "ಸುಮ್ನಿರ್ರಿ" ಎಂದು ಹೊರಟೆ.

ದಾಕ್ಷಾಯಣಮ್ಮನ ಮನೆಯ ಜಗಲಿಯಲ್ಲಿ ಸರದಿಯೇ ಇತ್ತು. ನನ್ನ ವಯಸ್ಸಿನವರೇ ಎಲ್ಲ, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಒಳಗೆ ಒಂದು ಚಾಪೆ. ಮಲಗಬೇಕು, ಆಕೆ ನೆತ್ತಿಯ ಮೇಲೆ ಅಂಗೈ ಇಡುತ್ತಾಳೆ, ನಾವು ಇಳಿಸಬೇಕಾದದ್ದನ್ನು ಬಾಯಿಬಿಟ್ಟು ಹೇಳಬೇಕು. ಕೊನೆಯವರೆಗೂ ಹೇಳಿ ಮುಗಿಸಿದ್ದು ಹೊರಟುಹೋಗುತ್ತದೆ. ಅರ್ಧಕ್ಕೆ ನಿಲ್ಲಿಸಿದ್ದು ಉಳಿಯುತ್ತದೆ.

"ಎಲ್ಲಿಂದ ಶುರುಮಾಡ್ಲಿ?" ಎಂದೆ.

"ಎಲ್ಲಿಂದ ಶುರುವಾಯ್ತೋ ಅಲ್ಲಿಂದ್ಲೇ ಹೇಳಿ."

ಕಾಲೇಜು, ಕಾರ್ಖಾನೆ, ರಾಳ, ಮೊದಲ ಪ್ರಯೋಗ ಇವುಗಳಲ್ಲಿ ಯಾವುದೋ ಒಂದು ಬಾಯಿಗೆ ಬರುತ್ತದೆ ಎಂದುಕೊಂಡಿದ್ದೆ. ಬಂದದ್ದೇ ಬೇರೆ. "ಶಿವರಾತ್ರಿಗೆ ಅವ್ವ ತಂಬಿಟ್ಟಿಗೆ ಬೆಲ್ಲದ ಪಾಕ ಇಡೋಳು. ನನ್ನ ಒಲೆ ಮುಂದೆ ಕೂರಿಸ್ಕೊಂಡು, ನನ್ನ ಎರಡು ಬೆರಳಿನ ಮಧ್ಯೆ ಒಂದ್ ತೊಟ್ಟು ಪಾಕ ಹಾಕಿ, ಬಿಡಿಸು ಅನ್ನೋಳು. ಎಳೆ ಬಂತಾ ನೋಡು ಅನ್ನೋಳು. ಬೆರಳು ಸುಡೋದು, ಆದ್ರೂ ಆ ಎಳೆ..."

"ನಿಲ್ಸಿ" ಎಂದಳು ದಾಕ್ಷಾಯಣಮ್ಮ. ಅಂಗೈ ತೆಗೆದಳು. "ನಿಮ್ಮವ್ವ ಇದಾರಾ?"

"ಇಲ್ಲ. ಹೋಗಿ ತುಂಬಾ ವರ್ಷ ಆಯ್ತು."

"ಹಾಗಾದ್ರೆ ಯೋಚ್ನೆ ಮಾಡಿ. ಹೇಳಿ ಮುಗಿಸಿದ್ರೆ ಅದೂ ಹೋಗುತ್ತೆ."

"ಅವ್ವನ್ನ ಬಿಟ್ಟು ಮಿಕ್ಕಿದ್ದು ತೆಗೀರಿ."

ಆಕೆ ನಕ್ಕಳು. ಕೆಟ್ಟ ನಗುವಲ್ಲ, ದಣಿದ ನಗು. "ಎಲ್ಲರೂ ಹಾಗೇ ಕೇಳ್ತಾರೆ ಕಣಮ್ಮಾ. ಆ ಎಳೆ ಹಿಡ್ಕೊಂಡೇ ಅಲ್ವಾ ನೀವು ಇಲ್ಲೀವರೆಗೂ ಬಂದಿರೋದು? ಅದನ್ನ ಬಿಟ್ಟು ಮಿಕ್ಕಿದ್ದು ಅಂದ್ರೆ ನಾನು ಎಲ್ಲಿ ಕೈ ಹಾಕ್ಲಿ? ಮಳೆಗಾಲಕ್ಕೆ ಮುಂಚೆ ಒಬ್ರು ಹಿರೀರು ಹೇಳ್ತಾ ಹೇಳ್ತಾ ಅತ್ರು. ನಿಲ್ಸಿ ಅಂದೆ, ನಿಲ್ಲಿಸ್ಲಿಲ್ಲ. ಎದ್ದು ಕೂತ ಮೇಲೆ ಯಾಕೆ ಕೆನ್ನೆ ಒದ್ದೆ ಆಗಿದೆ ಅಂತ ನನ್ನನ್ನೇ ಕೇಳಿದ್ರು."

ಆ ಹಿರಿಯರು ಯಾರೆಂದು ನಾನು ಕೇಳಲಿಲ್ಲ. ಎದ್ದು ಸೆರಗು ಸರಿಮಾಡಿಕೊಂಡೆ. ಜಗಲಿಯಲ್ಲಿ ತಲೆ ತಗ್ಗಿಸಿ ಕೂತಿದ್ದವರ ನಡುವೆ ಹಾದು ಬರುವಾಗ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ದಾಕ್ಷಾಯಣಮ್ಮನ ಮೇಲಲ್ಲ, ಋತ್ವಿಕ್‌ನ ಮೇಲೂ ಅಲ್ಲ. ಉಸಿರು ಬಿಗಿಹಿಡಿದು ಕೂತ ನನ್ನ ಮೇಲೆಯೇ. ಮನೆಯವರೆಗೂ ಹೆಜ್ಜೆಯನ್ನು ಮೆಲ್ಲಗೆ ಇಡಲಿಲ್ಲ. ಧಪ್ ಧಪ್ ಎಂದು ಊರಿ ನಡೆದೆ. ಅಂಗಡಿಗಳ ಗಾಜಿನ ಭರಣಿಗಳು ಅಲುಗಿದವು. ಒಬ್ಬಾಕೆ ಬಾಗಿಲಿಗೆ ಬಂದು "ಯಾರದು?" ಎಂದರೆ "ಸರ್ವಮಂಗಳ!" ಎಂದು ಕೂಗಿ ಹೇಳಿದೆ.

ಮಾರನೆಯ ದಿನ ಸ್ಟೂಲು ಹಿಡಿದುಕೊಂಡು ಸಂದರ್ಶನಕ್ಕೆಂದು ಕಾರ್ಖಾನೆಗೆ ಹೋದೆ. ಅವರ ಸಪೂರ ಕುರ್ಚಿ ನನಗೆ ಬೇಡವಾಗಿತ್ತು. ಗೇಟಿನಲ್ಲಿ ವೆಂಕಟಾಚಲ ಕೊಡೆ ಹಿಡಿದು ಬಂದು, "ಇದೇನಮ್ಮಾ, ಕೂರೋದಕ್ಕೆ ಮನೆಯಿಂದ್ಲೇ ತಂದಿದೀಯಾ?" ಎಂದು ನಕ್ಕು, ಸ್ಟೂಲಿನ ಅಂಚನ್ನು ಬೆರಳಿನಿಂದ ಸವರಿದರು. ಯಾಕೆ ಸವರಿದೆನೆಂದು ಅವರಿಗೇ ತಿಳಿಯಲಿಲ್ಲ. ನನ್ನ ಜೊತೆಯೇ ಒಳಗೆ ಬಂದರು.

ಕಚೇರಿಗೆ ಹೋಗುವ ಮೆಟ್ಟಿಲು ಕಂಬಗಳ ನಡುವೆ, ವಾಹನ ನಿಲ್ಲಿಸುವ ಜಾಗದಲ್ಲಿತ್ತು. ಮೊದಲ ಮೆಟ್ಟಿಲಿಗೆ ಕಾಲಿಡುವ ಮುನ್ನ ಅಭ್ಯಾಸಬಲದಿಂದ ತಲೆಯೆತ್ತಿ ನೋಡಿದೆ. ಮೇಲಿನವರ ನೆಲ, ನಮಗೆ ಸೂರು. ಪ್ಲೈವುಡ್ಡಿನ ಅಂಚುಗಳು ಹಳೆ ರೊಟ್ಟಿಯ ಹಾಗೆ ಪದರ ಪದರವಾಗಿ ಎದ್ದು ನಿಂತಿದ್ದವು. ಸ್ಟೂಲಿನ ಮೇಲೆ ಹತ್ತಿ ಉಗುರು ಹಾಕಿದೆ. ಸಂದಿನಿಂದ ಬೆಳ್ಳಗೆ, ಒದ್ದೆ ಹಿಟ್ಟಿನಂಥದು ಬಂತು. ಎರಡು ಬೆರಳಿನ ನಡುವೆ ಒತ್ತಿ ಬಿಡಿಸಿದೆ. ಎಳೆ ಏಳಲಿಲ್ಲ, ಉದುರಿ ಹೋಯಿತು. ಊರಿನ ಬಾಗಿಲುಗಳೆಲ್ಲ ಬಿಚ್ಚಿಕೊಳ್ಳುತ್ತಿವೆ ಎಂದು ಫೋನು ಮಾಡಿದವರು ಅದೇ ಅಂಟಿನ ಮೇಲೆ ಕೂತುಕೊಂಡೇ ಫೋನು ಮಾಡಿದ್ದರು!

ನಾನು ಇಳಿದು, ಸ್ಟೂಲನ್ನು ಅಂಗಳಕ್ಕೆ ಎಳೆದು, ಜಿನುಗುವ ಮಳೆಯಲ್ಲೇ ಕೂತು ಕೂಗಿದೆ. ಋತ್ವಿಕ್ ಮೆಟ್ಟಿಲ ತುದಿಗೆ ಬಂದ. ಅವನ ಹಿಂದೆ ಕಚೇರಿಯ ಇನ್ನೂ ನಾಲ್ಕಾರು ಜನ.

"ಇಳಿಸ್ಕೊಂಡು ಬಂದ್ರಾ ಮೇಡಂ?"

"ಇಲ್ಲಪ್ಪ. ನೀವೇ ಇಳಿದು ಬನ್ನಿ. ಸಂದರ್ಶನ ಇಲ್ಲೇ ಮಾಡೋಣ."

"ಇದೇನ್ ಮೇಡಂ, ಹಠ ಮಾಡ್ತಿದೀರಾ?"

"ಹಠ ಅಂತ ಬೇಕಾದ್ರೂ ಅನ್ನಿ. ನಿಮ್ ಮೇಲೆ ನನಗೇನೂ ದೂರಿಲ್ಲ. ನೆಲ ತಡೆಯಲ್ಲ, ಅಷ್ಟೆ."

ಅವನು ನಗಲು ಹೋದ. ನಗು ಅರ್ಧಕ್ಕೆ ನಿಂತಿತು. ಹಿಂದಿನಿಂದ ಒಬ್ಬ ಹುಡುಗಿ ಅವನನ್ನು ಸರಿಸಿಕೊಂಡು ಮುಂದೆ ಬಂದಳು. ಸಹನಾ ಎಂದು ಹೆಸರು, ಹೊಸದಾಗಿ ಸೇರಿದವಳು. ಮುಖ ಬಿಳಚಿಕೊಂಡಿತ್ತು.

"ನಾನ್ ಕೂರೋ ಕಡೆ ತುಂಬಾ ದಿನದಿಂದ ಕಿರ್ ಅಂತಿದೆ ಸಾರ್. ನಾನು ಹೇಳಿಲ್ಲ. ದೂರುಗಳು ಬಂದ್ಮೇಲೆ ಅಂಟಿನ ಬಗ್ಗೆ ಸ್ವಲ್ಪ ಓದ್ತಿದ್ದೆ. ಅದಕ್ಕೇ ಭಾರ ಆದೆ ಅನ್ಕೊಂಡೆ. ಗೊತ್ತಾದ್ರೆ ಕೆಲಸ ಹೋಗುತ್ತೆ ಅಂತ ತುದಿಗಾಲಲ್ಲೇ ಓಡಾಡ್ತಿದ್ದೆ."

"ನನ್ನ ಟೇಬಲ್ ಹತ್ರನೂ..." ಎಂದ ಇನ್ನೊಬ್ಬ, ತಗ್ಗಿದ ದನಿಯಲ್ಲಿ. ಮತ್ತೊಬ್ಬಾಕೆ ತಾನು ನಿಂತುಕೊಂಡೇ ಕೆಲಸ ಮಾಡುತ್ತಿದ್ದೇನೆ ಎಂದಳು. ಮೇಲಿದ್ದ ಪ್ರತಿಯೊಬ್ಬರ ಕಾಲಡಿಯೂ ನೆಲ ನರಳುತ್ತಿತ್ತು. ಪ್ರತಿಯೊಬ್ಬರೂ ಅದು ತಮ್ಮದೇ ಭಾರವೆಂದು ತಿಳಿದು, ನಾಚಿ, ಬಚ್ಚಿಟ್ಟುಕೊಂಡಿದ್ದರು. ನೆಲವನ್ನು ಬಗ್ಗಿ ನೋಡಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ. ನಮ್ಮೂರಲ್ಲದೆ ಇನ್ನೆಲ್ಲೂ ಹೀಗಾಗಲಾರದು. ಎಲ್ಲರಿಗಿಂತ ಬೇಗ ಇಳಿದು ಬಂದವನು ಋತ್ವಿಕ್ಕೇ, ಅದೂ ಕಂಬಿ ಹಿಡಿದುಕೊಂಡು.

ಅವರೆಲ್ಲ ಅಂಗಳದ ಕೆಸರಿನಲ್ಲಿ ನಿಂತಿದ್ದರು, ನಾನು ಕೂತಿದ್ದೆ. ಒಳಗೆ ಏನೋ ಧಡ್ ಎಂದು ಬಿತ್ತು. ನೋಡಿದರೆ ಅವರ ಕಾಫಿ ಯಂತ್ರ ನೆಲ ತೂರಿಕೊಂಡು ಬಂದು ಯಾರದೋ ಸ್ಕೂಟರಿನ ಸೀಟಿನ ಮೇಲೆ ಕೂತಿತ್ತು. ಯಾರಿಗೂ ಏನೂ ಆಗಲಿಲ್ಲ.

"ಯಾವಾಗಿಂದ ಬರ್ತೀರಾ ಮೇಡಂ?" ಎಂದ ಋತ್ವಿಕ್. ಈ ಸಲ ಮೆತ್ತಗಿನ ದನಿ ಬೇರೆ ತರಹದ್ದು.

ನಾನು ನನ್ನ ಮಾತು ಹೇಳಿದೆ. ಅಸಿಸ್ಟೆಂಟಾಗಿ ಅಲ್ಲ, ನಾನಿದ್ದ ಜಾಗಕ್ಕೇ. ಪ್ರಯೋಗಾಲಯ ಹಳೆಯ ಕಲ್ಲುಚಪ್ಪಡಿಯ ಕೋಣೆಗೆ ಮರಳಬೇಕು. ಈ ಹುಡುಗಿ ಎಷ್ಟು ಬೇಕಾದರೂ ಓದಲಿ, ಯಾರೂ ತಕರಾರು ಮಾಡಕೂಡದು. ಮತ್ತೆ ವೆಂಕಟಾಚಲ ಅವರು ಗೇಟು ಬಿಟ್ಟು ನನ್ನ ಜೊತೆ ಬರಬೇಕು.

"ಅವರಿಗೆ ಈಗ ಏನೂ ಗೊತ್ತಿಲ್ವಲ್ಲ ಮೇಡಂ!"

"ಕಲಿಸ್ತೀನಿ."

ಅವನು ಒಪ್ಪುವವರೆಗೆ ನಾನು ಸ್ಟೂಲಿನಿಂದ ಏಳಲಿಲ್ಲ.

ಸಂಜೆ ಮನೆಯಲ್ಲಿ ಇದನ್ನೆಲ್ಲ ಹೇಳಿ, ಪಾಲಾಕ್ಷ ಅವರನ್ನು ಕೇಳಿದೆ: "ಅವತ್ತು ಉಯ್ಯಾಲೆ ಕೊಂಡಿ ಕಿತ್ತಾಗ ಸುಳ್ಳು ಹೇಳಿದ್ರಲ್ಲ, ಯಾಕೆ?"

ಅವರು ತಟ್ಟೆಯಿಂದ ತಲೆಯೆತ್ತಿದರು. "ಸುಳ್ಳಾ? ಅದು ನಿಜವಾಗ್ಲೂ ತುಕ್ಕು ಹಿಡಿದಿತ್ತು ಕಣೇ. ಕೈಯೆಲ್ಲ ಕೆಂಪಾಗಿತ್ತು ನಂದು."

ಇಷ್ಟು ವರ್ಷ ನಾನೂ ಸರಪಳಿಯ ಪರವಾಗಿಯೇ ಇದ್ದೆ.

ಕೆಲಸಕ್ಕೆ ಸೇರಿದ ಮೊದಲ ವಾರವೇ ನಾನು ಅಂಟು ಕುದಿಸಲು ಇಟ್ಟು, ವೆಂಕಟಾಚಲ ಅವರನ್ನು ಒಲೆಯ ಮುಂದೆ ಕೂರಿಸಿಕೊಂಡೆ. ಅವರು ಗೇಟಿನಿಂದ ತಂದಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಂಕೋಚದಿಂದ ಕೂತಿದ್ದರು. ಅವರ ಎರಡು ಬೆರಳಿನ ನಡುವೆ ಒಂದು ತೊಟ್ಟು ಹಾಕಿ, "ಬಿಡಿಸಿ, ಎಳೆ ಬಂತಾ ನೋಡಿ" ಎಂದೆ. ಸುಮ್ಮನಿರದ ಆ ಬೆರಳುಗಳು ಒತ್ತಿಕೊಂಡವು, ಬಿಡಿಸಿಕೊಂಡವು. ನಡುವೆ ಸಣ್ಣದೊಂದು ಎಳೆ ಎದ್ದು ನಿಂತಿತು. ಅವರು ಅದನ್ನೇ ನೋಡಿದರು, ತುಂಬ ಹೊತ್ತು ನೋಡಿದರು. "ಇನ್ನೂ... ಇನ್ನೂ ಬೇಯ್ಲಿ ಅಲ್ವಾ?" ಎಂದರು, ತಪ್ಪಾದರೆ ಏನು ಗತಿ ಎನ್ನುವ ದನಿಯಲ್ಲಿ.

"ಹೌದು ಸಾರ್, ಇನ್ನೂ ಬೇಯ್ಬೇಕು" ಎಂದೆ.

ಆಗ ಅವರ ಪ್ಲಾಸ್ಟಿಕ್ ಕುರ್ಚಿ ಕಿರ್ ಎಂದು ಒಂದು ಕಾಲು ಸೊಟ್ಟ ಮಾಡಿತು. ಅವರು ಗಾಬರಿಯಿಂದ ಎದ್ದು, "ಕ್ಷಮಿಸಮ್ಮಾ, ಕ್ಷಮಿಸು" ಎನ್ನುತ್ತ ಹಿಂದೆ ಸರಿದರು. ನಾನು ಆ ಕುರ್ಚಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದೆ. ಕಾಲಿನ ಬುಡದಲ್ಲಿ ಹಳೆಯ ಬಿರುಕೊಂದು ಇದ್ದೇ ಇತ್ತು.

"ಕುರ್ಚಿ ಸರಿಯಿಲ್ಲ ಸಾರ್. ನಿಮ್ದೇನೂ ತಪ್ಪಿಲ್ಲ" ಎಂದು ಸ್ಟೂಲನ್ನು ಅವರ ಕಡೆಗೆ ತಳ್ಳಿದೆ. ಅವರು ಕೂತರು, ಪೂರ್ತಿ ಭಾರ ಬಿಟ್ಟು.